ನಿಮ್ಮ ವೆಬ್‌ಸೈಟಿನ ಫೋಟೋಗಳ ವಿಷಯ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಕಿನಿಂದ, ನಾವು ಮಾಡಿಕೊಟ್ಟಿರುವ ವೆಬ್‌ಸೈಟುಗಳಲ್ಲಿ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಯಾವ ಫೋಟೋವೂ ಇರುವುದಿಲ್ಲ. ಹೋಮ್‌ಸ್ಟೇ, ಕ್ಲಿನಿಕ್, ಅಡಿಕೆ ಮಂಡಿ, ಬೇಕರಿ, ಟ್ಯೂಷನ್ ಸೆಂಟರ್, ಎಲ್ಲರಿಗೂ ಇದೇ ನಿಯಮ. ಕೆಲವರ ಮುಖಪುಟ ಒಂದಷ್ಟು ದಿನ ಬೋಳುಬೋಳಾಗಿ ಕಾಣಬಹುದು. ಸೈಟ್ ಕೆಟ್ಟಿದೆ ಎಂದು ಗಾಬರಿಯಾಗಿ ಫೋನ್ ಮಾಡುವ ಮೊದಲು ಈ ಪತ್ರವನ್ನು ಪೂರ್ತಿ ಓದಿ. ಸ್ವಲ್ಪ ಉದ್ದವಿದೆ. ದುಡ್ಡಿನ ವಿಷಯವಾದ್ದರಿಂದ ಚುಟುಕಾಗಿ ಮುಗಿಸಲು ಆಗಲಿಲ್ಲ.

ನಮ್ಮ ಗ್ರಾಹಕರಲ್ಲಿ ಕೆಲವರಿಗೆ ಹೊರದೇಶದ ಏಜೆನ್ಸಿಗಳಿಂದ ಇಮೇಲ್ ಬಂದಿದೆ. ನಿಮ್ಮ ಸೈಟಿನಲ್ಲಿರುವ ಫೋಟೋ ನಮ್ಮ ಕಕ್ಷಿದಾರರದು, ಲೈಸೆನ್ಸ್ ಇದ್ದರೆ ತೋರಿಸಿ, ಇಲ್ಲದಿದ್ದರೆ ಇಷ್ಟು ಹಣ ಕಟ್ಟಿ ಅಂತ. ಜೊತೆಗೆ ನಿಮ್ಮದೇ ಪುಟದ ಸ್ಕ್ರೀನ್‌ಶಾಟ್, ಪಕ್ಕದಲ್ಲಿ ಮೂಲ ಫೋಟೋ, ಒಂದು ಕೇಸ್ ನಂಬರು, ಒಂದು ಗಡುವು. ಮೊತ್ತ ಯೂರೋದಲ್ಲೋ ಡಾಲರಿನಲ್ಲೋ ಇರುತ್ತದೆ. ಫೋಟೋ ತೆಗೆದುಹಾಕಿದರೂ ಹಣ ಕೊಡಲೇಬೇಕು ಎಂಬ ಸಾಲು ಕೊನೆಯಲ್ಲಿ ತಪ್ಪದೇ ಇರುತ್ತದೆ.

ಪತ್ರ ಬಂದ ಹೋಮ್‌ಸ್ಟೇ ಯಜಮಾನರೊಬ್ಬರು ನಮಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಜೋಗದ ಫೋಟೋಗೂ ದುಡ್ಡು ಕೊಡಬೇಕಾ? ಜೋಗ ಏನು ಅವರಪ್ಪಂದಾ?"

ನ್ಯಾಯವಾದ ಪ್ರಶ್ನೆ. ಜೋಗ ಯಾರಪ್ಪಂದೂ ಅಲ್ಲ. ಆದರೆ ಫೋಟೋ ತೆಗೆದವರದು. ಮಳೆಗಾಲದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವಾಗ ಮಂಜು ಎದುರಿಗೆ ಗೋಡೆಯ ಹಾಗೆ ನಿಂತಿರುತ್ತದೆ. ಅದು ಸರಿಯುವ ಎರಡು ನಿಮಿಷಕ್ಕಾಗಿ ಗಂಟೆಗಟ್ಟಲೆ ಕಾದು ಯಾರೋ ಆ ಚಿತ್ರ ತೆಗೆದಿದ್ದಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕ್ಲಿಕ್ ಮಾಡಿದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಫೋಟೋ ಮೇಲೆ ಹೆಸರು, ಗುರುತು ಇರಲೇಬೇಕೆಂದೂ ಇಲ್ಲ. 2012ರ ತಿದ್ದುಪಡಿಯ ನಂತರ ಈ ಹಕ್ಕು ತೆಗೆದವರ ಜೀವಮಾನ ಪೂರ್ತಿ, ಆಮೇಲೆ ಇನ್ನೂ 60 ವರ್ಷ ಇರುತ್ತದೆ. ಹಾಗಾಗಿ "ಗೂಗಲ್‌ನಲ್ಲಿ ಸಿಕ್ಕಿತು", "ವಾಟ್ಸಾಪ್ ಗ್ರೂಪಿನಲ್ಲಿ ಬಂತು" ಎಂಬುದು ಅನುಮತಿ ಆಗುವುದಿಲ್ಲ. ಫೋಟೋ ಕೆಳಗೆ "ಕೃಪೆ: ಅಂತರ್ಜಾಲ" ಎಂದು ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ ಇದೆ. ಅಂತರ್ಜಾಲ ಕೃಪೆ ತೋರಲು ಅದೇನು ದೇವರೇ? ಆ ಸಾಲಿನಿಂದ ಏನೂ ಉಪಯೋಗವಿಲ್ಲ. ಬದಲಿಗೆ ಫೋಟೋ ನಿಮ್ಮದಲ್ಲ ಎಂದು ನೀವೇ ಬರೆದುಕೊಟ್ಟ ಹಾಗೆ ಆಗುತ್ತದೆ.

ಅವರಿಗೆ ನಮ್ಮ ಪುಟ್ಟ ಸೈಟ್ ಹೇಗೆ ಸಿಕ್ಕಿತು ಎಂದು ಹಲವರು ಕೇಳಿದ್ದಾರೆ. ಮನುಷ್ಯರು ಯಾರೂ ಹುಡುಕುವುದಿಲ್ಲ. ಸಾಫ್ಟ್‌ವೇರ್ ಊರೂರು ತಿರುಗಿದ ಹಾಗೆ ಸೈಟಿಂದ ಸೈಟಿಗೆ ಹೋಗಿ ಚಿತ್ರಗಳನ್ನು ಹೋಲಿಸುತ್ತದೆ. ಅಂಚು ಕತ್ತರಿಸಿದರೂ, ಬಣ್ಣ ಬದಲಿಸಿದರೂ, ಮೇಲೆ ನಿಮ್ಮ ಲೋಗೋ ಕೂರಿಸಿದರೂ ಬಹಳ ಸಲ ಪತ್ತೆ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಫೋಟೋ ಅವರದಾಗಿರಬಹುದು. ಹಾಗಂತ ಅವರು ಕೇಳಿದ ಮೊತ್ತವೆಲ್ಲ ಕಾನೂನಿನ ಮೊತ್ತವಲ್ಲ. ಕೆಲವು ಪತ್ರಗಳಲ್ಲಿ 750 ಡಾಲರಿನಿಂದ 30,000 ಡಾಲರ್, ಬೇಕೆಂದೇ ಮಾಡಿದ್ದರೆ 1,50,000 ಡಾಲರ್ ಎಂದು ಬರೆದಿರುತ್ತಾರೆ. ಅದು ಅಮೆರಿಕದ ಕಾಯ್ದೆಯಲ್ಲಿರುವ ಲೆಕ್ಕ. ನಮ್ಮ ಕಾಯ್ದೆಯಲ್ಲಿ ಒಂದು ಕೃತಿಗೆ ಇಷ್ಟು ಎಂಬ ಪಟ್ಟಿ ಇಲ್ಲ. ಪರಿಹಾರ ಎಷ್ಟೆಂದು ಕೋರ್ಟ್ ನೋಡಿ ತೀರ್ಮಾನಿಸಬೇಕು. ಕಾಪಿರೈಟ್ ಇರುವುದು ಗೊತ್ತಿರಲಿಲ್ಲ, ಇದೆಯೆಂದು ನಂಬಲು ಕಾರಣವೂ ಇರಲಿಲ್ಲ ಎಂದು ನೀವು ಸಾಬೀತು ಮಾಡಿದರೆ, ಸೆಕ್ಷನ್ 55ರ ಪ್ರಕಾರ ತಡೆಯಾಜ್ಞೆ ಮತ್ತು ಆ ನಕಲು ಮಾರಿ ನಿಮಗೆ ಬಂದ ಲಾಭ (ಪೂರ್ತಿಯೋ, ಅದರಲ್ಲಿ ಪಾಲೋ), ಇವೆರಡೇ ಅವರಿಗೆ ಸಿಗುವುದು. ಇಂಟರ್‌ನೆಟ್ಟಿನಿಂದ ತೆಗೆದುಕೊಂಡವರು ಇದನ್ನು ಸಾಬೀತು ಮಾಡುವುದು ಸುಲಭವಲ್ಲ, ನಿಜ. ಒಂದಂತೂ ಖಚಿತ. ಪತ್ರ ಕೈಸೇರಿದ ಮೇಲೂ ಫೋಟೋವನ್ನು ಹಾಗೇ ಬಿಟ್ಟರೆ "ಗೊತ್ತಿರಲಿಲ್ಲ" ಎಂಬ ಮಾತು ಅಲ್ಲಿಗೇ ಮುಗಿಯಿತು. ಗೊತ್ತಿದ್ದೂ ಮಾಡಿದರೆ ಸೆಕ್ಷನ್ 63 ಇದೆ. ಅದು ಕ್ರಿಮಿನಲ್. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಕೋರ್ಟ್ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಅಂಗಡಿ, ಹೋಮ್‌ಸ್ಟೇ ನಡೆಸುವವರು ಆ ಮಾತು ಹೇಳುವ ಹಾಗಿಲ್ಲ.

ಪತ್ರ ಬರೆದವರಿಗೆ ನಿಜವಾಗಿಯೂ ಆ ಫೋಟೋ ಮೇಲೆ ಹಕ್ಕಿದೆಯೇ ಎಂಬುದನ್ನೂ ಕೇಳಲೇಬೇಕು. ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ತಾವು ತೆಗೆದ ಸಾವಿರಾರು ಫೋಟೋಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ದರು. ಅವರದೇ ಪ್ರತಿಷ್ಠಾನದ ಸೈಟಿನಲ್ಲಿ ಅವರೇ ತೆಗೆದ ಫೋಟೋ ಇತ್ತು. ಅದಕ್ಕೆ 120 ಡಾಲರ್ ಕಟ್ಟಿ ಎಂದು ಅವರಿಗೇ ಪತ್ರ ಬಂತು! 2016ರಲ್ಲಿ ಅವರು ಕೋರ್ಟಿಗೆ ಹೋದರು. ಕಾಪಿರೈಟ್ ದಾವೆಯನ್ನು ಕೋರ್ಟ್ ವಜಾ ಮಾಡಿತು, ಅದು ಬೇರೆ ಮಾತು. ಹಕ್ಕಿಲ್ಲದವರೂ ಪತ್ರ ಬರೆಯಬಲ್ಲರು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಪೂರ್ತಿ ನಕಲಿ ಪತ್ರಗಳೂ ಇವೆ. ನಿಮ್ಮ ಸೈಟಿನ ಸಂಪರ್ಕ ಫಾರ್ಮಿನಲ್ಲಿ ಯಾರೋ ಫೋಟೋಗ್ರಾಫರ್ ಎಂದು ಹೇಳಿಕೊಂಡು, ನನ್ನ ಚಿತ್ರ ಕದ್ದಿದ್ದೀರಿ, ಸಾಕ್ಷಿ ಈ ಲಿಂಕಿನಲ್ಲಿದೆ ಎಂದು ಬರೆಯುತ್ತಾರೆ. ಲಿಂಕ್ ಒತ್ತಿದರೆ ಕಂಪ್ಯೂಟರಿಗೆ ವೈರಸ್ ಇಳಿಯುತ್ತದೆ. 2021ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇದೇ ತಂತ್ರದ ಬಗ್ಗೆ ಎಚ್ಚರಿಸಿತ್ತು. ಇನ್ನೊಂದು ಬಗೆಯವರು ವಕೀಲರ ವೇಷದಲ್ಲಿ ಬಂದು, ಹಣ ಬೇಡ, ನಮ್ಮ ಸೈಟಿಗೊಂದು ಲಿಂಕ್ ಕೊಡಿ ಸಾಕು ಎನ್ನುತ್ತಾರೆ. ಅವರಿಗೆ ಬೇಕಿರುವುದು ಗೂಗಲ್‌ನಲ್ಲಿ ಮೇಲೆ ಬರುವುದು, ಅಷ್ಟೇ.

ಹಾಗಾದರೆ ಪತ್ರ ಬಂದಾಗ ಏನು ಮಾಡಬೇಕು? ಮೊದಲು ಯಾವ ಲಿಂಕನ್ನೂ ಒತ್ತದೆ ಇಮೇಲನ್ನು ನಮಗೆ ಕಳಿಸಿ. ನಾವು ಆ ಪುಟದ ಸ್ಥಿತಿಯನ್ನು ಹಾಗೇ ಸೇವ್ ಮಾಡಿಟ್ಟು, ಆಮೇಲೆ ಫೋಟೋವನ್ನು ತೆಗೆದುಹಾಕುತ್ತೇವೆ. ಪುಟದಿಂದ ತೆಗೆದರೆ ಸಾಲದು. ಸರ್ವರಿನ ಫೋಲ್ಡರಿನಲ್ಲಿ ಫೈಲ್ ಉಳಿದಿರುತ್ತದೆ, ನೇರ ವಿಳಾಸ ಹಾಕಿದರೆ ಕಾಣುತ್ತದೆ. ಆಮೇಲೆ ಉತ್ತರ. ಸುಮ್ನೆ ಕೂತರೆ ತಾನಾಗೇ ತಣ್ಣಗಾಗುತ್ತದೆ ಎನ್ನುವವರಿದ್ದಾರೆ. ಕೆಲವು ಸಲ ಆಗಲೂಬಹುದು. ಆದರೆ ಮೂರು ವರ್ಷದವರೆಗೆ ದಾವೆ ಹೂಡಲು ಅವಕಾಶವಿದೆ. ಅಷ್ಟು ದಿನ ತಲೆ ಮೇಲೆ ತೂಗಾಡುವುದಕ್ಕಿಂತ ಒಂದು ಚಿಕ್ಕ ಉತ್ತರ ಬರೆಯುವುದು ವಾಸಿ ಎಂಬುದು ನಮ್ಮ ಅಭಿಪ್ರಾಯ.

ಉತ್ತರದಲ್ಲಿ ಕ್ಷಮೆ ಕೇಳಲು ಹೋಗಬೇಡಿ, ಬೈಯಲೂ ಹೋಗಬೇಡಿ. ಪತ್ರ ತಲುಪಿದೆ, ಚಿತ್ರವನ್ನು ಸೈಟಿನಿಂದ ತೆಗೆದುಹಾಕಿದ್ದೇವೆ, ಇದರಿಂದ ಹೊಣೆ ಒಪ್ಪಿಕೊಂಡಂತಲ್ಲ ಎಂದು ಬರೆಯಿರಿ. ಫೋಟೋ ತೆಗೆದವರು ಯಾರು, ಅವರ ಪರವಾಗಿ ಹಣ ಕೇಳಲು ನಿಮಗೆ ಕೊಟ್ಟ ಅಧಿಕಾರಪತ್ರ ಎಲ್ಲಿ, ಇದೇ ಫೋಟೋದ ಲೈಸೆನ್ಸ್ ಎಲ್ಲಿ ಎಷ್ಟಕ್ಕೆ ಮಾರಾಟವಾಗಿದೆ, ಈ ಮೊತ್ತದ ಲೆಕ್ಕ ಹೇಗೆ, ಇಷ್ಟನ್ನು ಕೇಳಿ. ದಾಖಲೆ ಸರಿಯಾಗಿದ್ದರೆ ಚೌಕಾಶಿ ಮಾಡಿ ಮುಗಿಸಿ. ಲೈಸೆನ್ಸಿನ ಮಾಮೂಲಿ ಬೆಲೆಯ ಆಸುಪಾಸಿಗೆ ಬಂದರೆ ಕೊಟ್ಟುಬಿಡುವುದೇ ಮೇಲು. ತೆಗೆದವರಿಗೂ ಹೊಟ್ಟೆಪಾಡು ಇರುತ್ತದೆ ಅಲ್ವಾ? ಆದರೆ ಹಣ ಕಟ್ಟುವ ಮೊದಲು, ಈ ಫೋಟೋ ವಿಷಯದಲ್ಲಿ ಇನ್ನು ಯಾವ ಬೇಡಿಕೆಯೂ ಇಲ್ಲ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ದಾಖಲೆಯೇ ಕೊಡದೆ ಬರೀ ಹೆದರಿಸುತ್ತಿದ್ದರೆ, ಆಧಾರವಿಲ್ಲದ ಬೆದರಿಕೆಗೆ ಎದುರಾಗಿ ಕೋರ್ಟಿಗೆ ಹೋಗಲು ಸೆಕ್ಷನ್ 60 ನಿಮಗೇ ದಾರಿ ಕೊಡುತ್ತದೆ.

ಇಲ್ಲಿನ ವಕೀಲರಿಂದ ನೋಟಿಸ್ ಬಂದರೆ, ಅಥವಾ ಕೋರ್ಟಿನ ಸಮನ್ಸ್ ಬಂದರೆ, ಇದು ಯಾವುದೂ ಲೆಕ್ಕಕ್ಕಿಲ್ಲ. ಅವತ್ತೇ ವಕೀಲರ ಹತ್ತಿರ ಹೋಗಿ. ನಾವು ವೆಬ್‌ಸೈಟ್ ಮಾಡುವವರು, ಕಪ್ಪು ಕೋಟಿನವರಲ್ಲ. ಸಮನ್ಸ್ ಬಂದರೂ ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗಬಹುದು.

ಈಗ ನಮ್ಮ ಹೊಸ ಕ್ರಮ. ಪ್ರತಿ ಸೈಟಿಗೂ ಒಂದು ಫೋಟೋ ಪುಸ್ತಕ ಇಡುತ್ತಿದ್ದೇವೆ. ಯಾವ ಫೋಟೋ, ಯಾರು ತೆಗೆದದ್ದು, ಯಾವಾಗ, ಅನುಮತಿಯ ಪ್ರತಿ ಎಲ್ಲಿದೆ, ಇಷ್ಟು ಅದರಲ್ಲಿರುತ್ತದೆ. ನಾವು ಹಾಕಿದ ಫೋಟೋಗೆ ಪತ್ರ ಬಂದರೆ ಖರ್ಚು ನಮ್ಮದು. ನೀವು ಕೊಟ್ಟು ಹಾಕಿಸಿದ ಫೋಟೋಗೆ ಬಂದರೆ ನಿಮ್ಮದು. ಒಪ್ಪಂದದಲ್ಲಿ ಈ ಸಾಲು ಹೊಸದಾಗಿ ಸೇರುತ್ತದೆ. ಹಳೆಯ ಫೋಟೋಗಳ ಪರಿಶೀಲನೆಗೆ ಚಾರ್ಜ್ ಇಲ್ಲ.

ನಿಮ್ಮ ಮೊಬೈಲಿನಲ್ಲಿ ನೀವೇ ತೆಗೆದದ್ದಾದರೆ ತಕರಾರೇ ಇಲ್ಲ. ನೀವು ದುಡ್ಡು ಕೊಟ್ಟು ಫೋಟೋಗ್ರಾಫರ್ ಕರೆಸಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ಆ ಫೋಟೋಗಳ ಮೊದಲ ಒಡೆಯರು ನೀವೇ ಎಂದು ಸೆಕ್ಷನ್ 17 ಹೇಳುತ್ತದೆ. ಬಿಲ್ಲಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಏನಾದರೂ ಇದೆಯೇ ನೋಡಿಕೊಳ್ಳಿ. ಅಕ್ಕನ ಮಗನೋ ಗೆಳೆಯನೋ ಪುಕ್ಕಟೆ ತೆಗೆದುಕೊಟ್ಟಿದ್ದರೆ ಹಕ್ಕು ಅವರದು. ಒಂದು ಇಮೇಲಿನಲ್ಲಿ ಅನುಮತಿ ಬರೆಸಿಕೊಳ್ಳಿ. ಅತಿಥಿಗಳ ಮುಖ ಕಾಣುವ ಫೋಟೋಗೆ ಅವರನ್ನೂ ಕೇಳಿ, ಅದರಲ್ಲೂ ಮಕ್ಕಳಿದ್ದರೆ.

ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಉಚಿತ ಫೋಟೋ ಸಿಗುತ್ತವೆ. ಆದರೆ ಉಚಿತ ಎಂದರೆ ಷರತ್ತಿಲ್ಲ ಎಂದಲ್ಲ. ಅಲ್ಲಿನ ಬಹಳಷ್ಟು ಫೋಟೋಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿವೆ, ಅಂದರೆ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದು, ಮುರಿದರೆ ಅನುಮತಿ ರದ್ದು. ತೆಗೆದವರ ಹೆಸರು, ಲೈಸೆನ್ಸಿನ ಹೆಸರು ಹಾಕಲೇಬೇಕು. ಹೆಸರು ಬಿಟ್ಟದ್ದಕ್ಕೇ ಹಣ ಕೇಳುವವರೂ ಇದ್ದಾರೆ. ಈ ಲೈಸೆನ್ಸಿನ 2013ರಲ್ಲಿ ಬಂದ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಲೈಸೆನ್ಸ್ ಮತ್ತೆ ಜೀವ ಪಡೆಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಆ ಸೌಲಭ್ಯವಿಲ್ಲ. ಅದಕ್ಕೇ ನಾವು ಇನ್ನು ಮುಂದೆ 4.0 ಇದ್ದರಷ್ಟೇ ಬಳಸುತ್ತೇವೆ.

ಎಐಯಿಂದ ಫೋಟೋ ಮಾಡಿ ಹಾಕಿಬಿಡಿ ಎಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಹೋಮ್‌ಸ್ಟೇಗೆ ಅದನ್ನು ನಾವು ಮಾಡುವುದಿಲ್ಲ. ಇಲ್ಲದ ಕೋಣೆ, ಇಲ್ಲದ ಕೊಳ ತೋರಿಸಿ ಬೆಂಗಳೂರಿನಿಂದ ಜನರನ್ನು ಕರೆಸಿದರೆ, ಕಾಪಿರೈಟ್ ಪತ್ರಕ್ಕಿಂತ ಮೊದಲು ಅತಿಥಿಗಳ ಬೈಗುಳ ಬರುತ್ತದೆ.

ಸೈಟಿನ ಫೋಟೋಗಳ ಪಟ್ಟಿಯನ್ನು ಈ ವಾರ ನಿಮಗೆ ಕಳಿಸುತ್ತೇವೆ. ಪ್ರತಿ ಫೋಟೋ ಎದುರಿಗೆ ಎಲ್ಲಿಂದ ಬಂತು ಎಂದು ಬರೆದು ತಿಂಗಳ ಕೊನೆಯೊಳಗೆ ವಾಪಸ್ ಕೊಡಿ. ನೆನಪಿಲ್ಲದಿದ್ದರೆ ಹಾಗೇ ಬರೆಯಿರಿ, ಅದನ್ನು ತೆಗೆದುಹಾಕುತ್ತೇವೆ. ಹೊಸ ಫೋಟೋ ಕಳಿಸುವವರು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಗುಣಮಟ್ಟವೂ ಇಳಿಯುತ್ತದೆ, ತೆಗೆದ ದಿನ ಮತ್ತು ಕ್ಯಾಮೆರಾದ ವಿವರವೂ ಅಳಿಸಿಹೋಗುತ್ತದೆ. ಮೂಲ ಫೈಲನ್ನು ನಿಮ್ಮಲ್ಲೂ ಒಂದು ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.

ಇಂತಿ,
ನಿಮ್ಮ ವೆಬ್‌ಸೈಟ್ ತಂಡದವರು
ಶಿವಮೊಗ್ಗ