ಮಣಿಕಟ್ಟಿನ ಎಂಆರ್‌ಐ ದರ ಯಾಕೆ ಜಾಸ್ತಿ ಮಾಡಿದೆವು

ಆತ್ಮೀಯರೇ,

ಮುಂದಿನ ತಿಂಗಳ 1ರಿಂದ ಮಣಿಕಟ್ಟಿನ ಎಂಆರ್‌ಐಗೆ ಮೊದಲೇ ಫೋನ್ ಮಾಡಿ ಸಮಯ ತೆಗೆದುಕೊಂಡು ಬರಬೇಕು. ದರವೂ ಜಾಸ್ತಿಯಾಗುತ್ತದೆ. ಅಣ್ಣಿಗೇರಿ, ಕಲಘಟಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದು ಮಧ್ಯಾಹ್ನಕ್ಕೆ ರಿಪೋರ್ಟ್ ಹಿಡಿದು ಹೋಗುತ್ತಿದ್ದವರಿಗೆ ಇದು ತೊಂದರೆಯೇ. ಕ್ಷಮಿಸಿ.

ಕೌಂಟರಿನಲ್ಲಿ ದಿನಾ ಒಂದೇ ಮಾತು: 'ಎಕ್ಸ್‌ರೇ ಆಯ್ತಲ್ಲ, ಮತ್ತೆ ಎಂಆರ್‌ಐ ಯಾಕ್ರೀ, ದುಡ್ಡು ಮಾಡೋಕಾ?' ಖಂಡಿತ ಅಲ್ಲ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಎಲುಬುಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯುವ ಲಿಗಮೆಂಟ್ ಕಾಣುವುದಿಲ್ಲ. ಮುಷ್ಟಿ ಬಿಗಿಹಿಡಿಸಿ ತೆಗೆದಾಗ ಸ್ಕೇಫಾಯ್ಡ್, ಲುನೇಟ್ ಎಂಬ ಎರಡು ಸಣ್ಣ ಎಲುಬುಗಳ ನಡುವೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಬಿಟ್ಟಿದ್ದರೆ ಲಿಗಮೆಂಟ್ ಹರಿದಿರಬಹುದು ಅಂತ ಅನುಮಾನ ಪಡಬಹುದು, ಅಷ್ಟೇ. ಅರ್ಧ ಹರಿದಿದ್ದರೆ ಸಂದು ಬೀಳದೆಯೂ ಇರಬಹುದು. ಅಲ್ಟ್ರಾಸೌಂಡ್ ಅಗ್ಗ, ಕೈ ಆಡಿಸುತ್ತಲೇ ನೋಡಬಹುದು, ಆದರೆ ಒಳಗಿನದೆಲ್ಲ ಅದಕ್ಕೆ ಸಿಗುವುದಿಲ್ಲ.

ಎಂಆರ್‌ಐನಲ್ಲೂ ನಾವು ಒಮ್ಮೆ ಎಡವಿದ್ದೇವೆ. ಬೈಕಿನಿಂದ ಬಿದ್ದ ಒಬ್ಬ ಹುಡುಗನ ರಿಪೋರ್ಟ್‌ನಲ್ಲಿ ಲಿಗಮೆಂಟ್ ಸರಿ ಇದೆ ಎಂದು ಬರೆದೆವು. ಆಮೇಲೆ ಆರ್ಥ್ರೋಸ್ಕೋಪಿ ಮಾಡಿ ಕೀಲಿನೊಳಗೆ ಕ್ಯಾಮೆರಾ ಇಟ್ಟು ನೋಡಿದರೆ ಹರಿದಿತ್ತು. ಆ ನೋವು ನಮಗೆ ಇನ್ನೂ ಇದೆ. ಅದಕ್ಕೇ ಮಣಿಕಟ್ಟಿಗೆಂದೇ ಇರುವ ಕಾಯಿಲ್, ಅಂದರೆ ಕೈ ಸುತ್ತ ಇಟ್ಟು ಚಿತ್ರದ ಸಿಗ್ನಲ್ ಹಿಡಿಯುವ ಸಾಧನ, ತರಿಸಿದ್ದೇವೆ. ತೆಳು ತೆಳು ಪದರಗಳಲ್ಲಿ ಚಿತ್ರ ತೆಗೆಯುವುದರಿಂದ ಸಮಯ ಹಿಡಿಯುತ್ತದೆ, ಕೈ ಅಲುಗಾಡಿಸದೆ ಮಲಗಬೇಕು. ಆಗಲೂ ಅನುಮಾನ ಉಳಿದು ನಿಮ್ಮ ಡಾಕ್ಟರು ಬರೆದುಕೊಟ್ಟರೆ ಮಾತ್ರ ಕೀಲಿಗೆ ಸೂಜಿಯಿಂದ ಚಿತ್ರದಲ್ಲಿ ಎದ್ದು ಕಾಣುವ ಔಷಧ ಬಿಟ್ಟು ಆರ್ಥ್ರೋಗ್ರಾಮ್ ಎಂಬ ಸ್ಕ್ಯಾನ್ ಮಾಡುತ್ತೇವೆ. ಹರಿದ ಕಡೆ ಆ ಔಷಧ ಪಕ್ಕದ ಸಂದಿಗೆ ಸೋರುವುದು ಚಿತ್ರದಲ್ಲಿ ಕಾಣುತ್ತದೆ. ವಯಸ್ಸಾದವರಲ್ಲಿ ನೋವಿಲ್ಲದ ಸವೆತದಲ್ಲೂ ಸೋರಬಹುದು, ಆದ್ದರಿಂದ ಚಿತ್ರದ ಜೊತೆ ಕೈಯನ್ನೂ ಪರೀಕ್ಷಿಸಲೇಬೇಕು.

ಇನ್ನು ದರ. ಪೇಷಂಟ್ ಇರಲಿ ಬಿಡಲಿ, ಮಷೀನನ್ನು ತಂಪಾಗಿಡುವ ಚಿಲ್ಲರ್ ಹಗಲು ರಾತ್ರಿ ಓಡಲೇಬೇಕು, ಇಲ್ಲದಿದ್ದರೆ ಒಳಗಿನ ಅಯಸ್ಕಾಂತವನ್ನು ತಣ್ಣಗಿಡುವ ಹೀಲಿಯಂ ಆವಿಯಾಗಿ ಹೋಗುತ್ತದೆ. ಕರೆಂಟ್ ಹೋದರೆ ಜನರೇಟರ್, ಡೀಸೆಲ್. ಮಷೀನಿನ ನಿರ್ವಹಣೆ ಒಪ್ಪಂದಕ್ಕೆ ಶೇ. 18 ಜಿಎಸ್‌ಟಿ ಕಟ್ಟುತ್ತೇವೆ. ಸ್ಕ್ಯಾನ್‌ಗೆ ನಿಮ್ಮಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗಿಲ್ಲ, ಹಾಗಾಗಿ ನಾವು ಕಟ್ಟಿದ್ದೂ ವಾಪಸ್ ಸಿಗುವುದಿಲ್ಲ. ಇದನ್ನು ಯಾರೂ ಕೇಳುವುದಿಲ್ಲ, ಬೈಗುಳ ಮಾತ್ರ ನಮಗೆ.

ಹಳೆ ಕಾಯಿಲ್‌ನಲ್ಲಿ ನಮ್ಮಲ್ಲೇ ಸ್ಕ್ಯಾನ್ ಮಾಡಿಸಿ ಇನ್ನೂ ನೋವು ಹೋಗದವರು ಇದ್ದರೆ ಆ ಫಿಲ್ಮ್, ಸಿಡಿ ತನ್ನಿ. ಸುಮ್ನೆ ಎಣ್ಣೆ ಹಚ್ಚಿ ತಿಕ್ಕಿಸುತ್ತಾ ಕೂರಬೇಡಿ. ನಮ್ಮ ಡಾಕ್ಟರೇ ಕೂತು ಇನ್ನೊಮ್ಮೆ ನೋಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ನಿಮ್ಮ ಸ್ಕ್ಯಾನ್ ಸೆಂಟರಿನವರು
ಹುಬ್ಬಳ್ಳಿ