ಆ ರಿಪೋರ್ಟ್ ಬರೆದು ಕೊಡು

ಪುಟ್ಟಿ,

ಫೋನಿನಲ್ಲಿ ಅಷ್ಟು ಜೋರಾಗಿ ಕೂಗಿದೆ ಅಂತ ಬೇಜಾರು ಮಾಡಿಕೊಳ್ಳಬೇಡ. ಹೆದರಿಕೆಯಾದರೆ ನನ್ನ ದನಿ ಏರುತ್ತದೆ, ನಿನಗೆ ಗೊತ್ತಲ್ಲ. ಕೆಲಸ ಬಿಟ್ಟು ಬಾ ಅಂದದ್ದಕ್ಕೆ ಅಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ಆ ರಾತ್ರಿ ವಾರ್ಡಿನಲ್ಲಿ ಪೇಷೆಂಟ್ ಕಡೆಯವನೊಬ್ಬ ಕೂಗಾಡಿ ನಿನ್ನ ಕೈ ತಿರುಚಿದ್ದನ್ನು ಮತ್ತೆ ಕೆದಕುವುದಿಲ್ಲ. ನನ್ನನ್ನು ಕಾಡುತ್ತಿರುವುದು ಆಮೇಲೆ ನೀನು ಆಡಿದ ಮಾತು. "ಇದೆಲ್ಲ ಇದ್ದದ್ದೇ ಅಪ್ಪಾ. ಏಳನೇ ಬೆಡ್ ಕಡೆಯವರು."

ಏಳನೇ ಬೆಡ್! ಟ್ರೈನಿಂಗ್‌ನಲ್ಲಿ ಇದ್ದಾಗ ನೀನು ಫೋನ್ ಮಾಡಿದರೆ ಬರೀ ಪೇಷೆಂಟ್‌ಗಳ ಕಥೆ. ಇಂಜೆಕ್ಷನ್ ನೋಡಿದ ಕೂಡಲೇ ಹಾಡು ಶುರು ಮಾಡುವ ಅಜ್ಜ. ಡಿಸ್ಚಾರ್ಜ್ ಆದರೂ ನಿನ್ನ ಕೈ ಬಿಡದ ಹುಡುಗ. ಹೆಸರು ಮಾತ್ರ ಹೇಳುತ್ತಿರಲಿಲ್ಲ, ಹೇಳಬಾರದು ಅಂತಿದ್ದೆ. ಆದರೂ ಅವರೆಲ್ಲ ನನಗೆ ಪರಿಚಯದವರ ಹಾಗೆ ಇದ್ದರು. ಈಗ ನಂಬರ್ ಅಷ್ಟೇ. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಹೇಳುವುದು ಅನ್ನುತ್ತಾಳೆ ಅಮ್ಮ. ಇರಬಹುದು. ಆದರೆ ನಿನ್ನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಕೈ ತಿರುಚಿಸಿಕೊಂಡವಳಿಗೆ ಸಿಟ್ಟಾದರೂ ಬರಬೇಕಲ್ವಾ?

ನಿದ್ದೆ ಬರದೆ ಓದುತ್ತಾ ಕೂತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿದೆ. ಪೂರ್ತಿ ಸುಸ್ತಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಿ ಆಗುತ್ತಿಲ್ಲ ಅನ್ನಿಸುವುದು. ಎರಡನೆಯದನ್ನು ಓದುವಾಗ ನಿನ್ನ ಏಳನೇ ಬೆಡ್ಡೇ ಕಿವಿಯಲ್ಲಿತ್ತು. ಅದನ್ನು ಕಾಯಿಲೆ ಅಂತ ಅವರು ಕರೆದಿಲ್ಲ. ಕೆಲಸದ ಜಾಗದ ಒತ್ತಡ ಹತೋಟಿಗೆ ಬಾರದೆ ಹಾಗೇ ಮುಂದುವರಿದಾಗ ಹುಟ್ಟುವಂಥದ್ದು ಅಂದಿದ್ದಾರೆ. ನಿನಗೆ ಗಟ್ಟಿತನ ಸಾಲದು ಅಂತ ಯಾರಾದರೂ ಅಂದರೆ ನಂಬಬೇಡ.

"ಇದ್ದದ್ದೇ" ಅನ್ನುವುದು ಸುಳ್ಳೂ ಅಲ್ಲ. ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಶೇ. 8ರಿಂದ 38ರಷ್ಟು ಮಂದಿ ಯಾವಾಗಲಾದರೂ ದೈಹಿಕ ಹಲ್ಲೆಗೆ ಗುರಿಯಾಗುತ್ತಾರೆ ಅನ್ನುತ್ತದೆ ಅದೇ ಸಂಸ್ಥೆ. ಹಾಗಂತ ಸುಮ್ನೆ ಇರುವುದಾ? ಆ ಮನುಷ್ಯ ಕೂಗಾಡಿದ್ದು ಡ್ರಿಪ್ ಬದಲಿಸಲು ತಡವಾಯಿತು ಅಂತ. ತಡ ಯಾಕಾಯಿತು? ಇಡೀ ವಾರ್ಡಿಗೆ ನೀನೊಬ್ಬಳೇ ಇದ್ದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ಬಂತು. ಒಬ್ಬ ನರ್ಸ್ ಪಾಲಿಗೆ ಒಬ್ಬ ಪೇಷೆಂಟ್ ಜಾಸ್ತಿಯಾದಂತೆ ನರ್ಸ್‌ಗೆ ಬರ್ನ್‌ಔಟ್ ಆಗುವ ಸಾಧ್ಯತೆ ಶೇ. 23, ಸರ್ಜರಿ ಆದ ಪೇಷೆಂಟ್ ತಿಂಗಳೊಳಗೆ ಸಾಯುವ ಸಾಧ್ಯತೆ ಶೇ. 7 ಹೆಚ್ಚಿತ್ತಂತೆ.

ಅದಕ್ಕೇ ಹೇಳುವುದು, ಇನ್ಸಿಡೆಂಟ್ ರಿಪೋರ್ಟ್ ಬರೆದು ಕೊಡು. ಎಷ್ಟು ಗಂಟೆಗೆ, ಯಾರು ನೋಡಿದರು, ಪೇಷೆಂಟ್ ಎಷ್ಟು, ಡ್ಯೂಟಿಯಲ್ಲಿ ಇದ್ದವರು ಎಷ್ಟು, ಎಲ್ಲ ಬರಲಿ. ಕೈ ಮೇಲಿನ ಗುರುತಿನ ಫೋಟೋ ತೆಗೆದಿಡು. ಡಾಕ್ಟರಿಗೆ ತೋರಿಸು. ಒಂದು ಕಾಪಿ ನಿನ್ನ ಹತ್ತಿರ ಇರಲಿ. ಇನ್‌ಚಾರ್ಜ್ ಸಿಸ್ಟರ್ "ಯಾಕೆ ದೊಡ್ಡದು ಮಾಡ್ತೀಯಾ" ಅಂದರೂ ಕೊಡು. ನೀನು ಬರೆಯದಿದ್ದರೆ ಅವರ ಫೈಲಿನಲ್ಲಿ ಆ ರಾತ್ರಿ ಏನೂ ಆಗಿಲ್ಲ, ನರ್ಸ್ ಒಬ್ಬಳೇ ಸಾಕು ಅಂತಲೇ ಇರುತ್ತದೆ. ಮತ್ತೆ ಭಾಷಣ ಶುರುವಾಯಿತು, ಗೊತ್ತು.

ಅಷ್ಟೆಲ್ಲ ಆದ ಮೇಲೂ ನೀನೇ ಹೋಗಿ ಆ ಡ್ರಿಪ್ ಬದಲಿಸಿ ಬಂದೆಯಂತೆ, ಅಮ್ಮ ಹೇಳಿದಳು. ಹೆಮ್ಮೆ ಪಡಬೇಕೋ ಬೈಯಬೇಕೋ ಗೊತ್ತಾಗುತ್ತಿಲ್ಲ. ಎರಡೂ ಅಂತ ಇಟ್ಟುಕೋ.

ಕೆಲಸ ಬಿಡು ಅಂತ ಇನ್ನು ಹೇಳುವುದಿಲ್ಲ. ಡಬಲ್ ಡ್ಯೂಟಿ ಮಾತ್ರ ಒಪ್ಪಿಕೊಳ್ಳಬೇಡ. ನಿದ್ದೆ ಮಾಡಿ ಎದ್ದ ಮೇಲೆ ಫೋನ್ ಮಾಡು. ಅಮ್ಮನಿಗೇ ಮಾಡು. ನಾನು ಎತ್ತಿದರೆ ಮೊದಲು ರಿಪೋರ್ಟ್ ಕೊಟ್ಟೆಯಾ ಅಂತಲೇ ಕೇಳುತ್ತೇನೆ.

ಅಪ್ಪ