13ನೇ ತಾರೀಕಿನ ಗುಟ್ಟು ಹಿಡಿದವರಿಗೆ

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ, ಅದೂ ಒಂದೇ ಕಂಪ್ಯೂಟರಿನಲ್ಲಿ, ಬಿಲ್ಲಿಂಗ್ ತಂತ್ರಾಂಶ ಏಕೆ ಕೈಕೊಡುತ್ತದೆಂದು ಹೇಳಿ, ಹೆಸರೂ ತಿಳಿಸದೆ ಫೋನಿಟ್ಟ ಮಹನೀಯರಿಗೆ ತುಂಬು ಧನ್ಯವಾದ. ಎಲ್ಲರಂತೆ 'ತೆಗೆದು ಮತ್ತೆ ಹಾಕಿ' ಅನ್ನಲಿಲ್ಲ. 'ತಿಂಗಳ 12ರವರೆಗೆ ಸರಿ, 13ರಿಂದ ಎರರ್, ಹೌದಾ?' ಎಂದರು. ಹೌದು! ಆ ಯಂತ್ರದ ರೀಜನ್ ಸೆಟ್ಟಿಂಗ್ (ಯಾವ ದೇಶದ ರೂಢಿಯಂತೆ ತಾರೀಕು ಓದಬೇಕೆಂದು ಹೇಳುವುದು) ಅಮೆರಿಕದ್ದು: ಮೊದಲು ತಿಂಗಳು, ಆಮೇಲೆ ದಿನ. ನಾವು ಬರೆಯುವುದು ದಿನ ಮೊದಲು. 13ನೇ ತಿಂಗಳನ್ನು ಪಾಪ ಅದೆಲ್ಲಿಂದ ತಂದೀತು?

ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ ಫಾರ್ಮ್ಯಾಟನ್ನು 'ಇಂಗ್ಲಿಷ್, ಇಂಡಿಯಾ' ಮಾಡಿ, ತಂತ್ರಾಂಶ ಮುಚ್ಚಿ ತೆರೆದರೆ ಎರರ್ ಮಾಯ. ಅಸಲಿ ಎಚ್ಚರಿಕೆ ಆಮೇಲೆ ಬಂತು: ಎರರ್ ಬಾರದ ದಿನಗಳೇ ಹೆಚ್ಚು ಅಪಾಯ. 05/06 ಎಂದು ಬರೆದ ಜೂನ್ 5ರ ಬಿಲ್ಲು ಸದ್ದಿಲ್ಲದೆ ಮೇ 6ಕ್ಕೆ ಕೂತಿರುತ್ತದೆ, ಜಿಎಸ್‌ಟಿ ಲೆಕ್ಕ ಕೆಡುತ್ತದೆ. ಹಳೆಯ ನಮೂದುಗಳನ್ನು ಕಾಗದದ ಬಿಲ್ಲಿನೊಡನೆ ತಾಳೆ ನೋಡಬೇಕು. ಮತ್ತೆ ಹೀಗಾಗದಂತೆ ತಂತ್ರಾಂಶದ ಕೋಡ್‌ನಲ್ಲಿ ತಾರೀಕಿನ ಕ್ರಮವನ್ನು ವರ್ಷ-ತಿಂಗಳು-ದಿನ ಎಂದು ಗಟ್ಟಿ ಮಾಡಬೇಕು.